ಕಾಪಿ ಮಾಡೋದಾ, ಎಲ್ಲಕ್ಕೂ ಒಂದೇ ಭಾಗ ಇಡೋದಾ?

ಗಂಗಾವತಿ, ಕಾರಟಗಿಯ ನಾಲ್ಕು ಅಕ್ಕಿ ಗಿರಣಿಗಳಿಗೆ, ರಾಯಚೂರಿನ ಒಂದು ಹತ್ತಿ ಅಡತಿ ಅಂಗಡಿಗೆ, ಬಳ್ಳಾರಿಯ ಒಂದು ಜೀನ್ಸ್ ಘಟಕಕ್ಕೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ಹೊಸ ಗಿರಾಕಿಗೆ ಹಳೇ ಕೋಡ್ ಕಾಪಿ ಮಾಡೋದು, ಇಲ್ಲಾ ಎಲ್ಲ ಗಿರಾಕಿಗಳಿಗೂ ಕೋಡ್‌ನ ಒಂದೇ ಭಾಗ ಇಡೋದು, ಎರಡೂ ದಾರಿ ಹಿಡಿದು ನೋಡಿದ್ದೇನೆ.

ಮೊದಲು ಕಾಪಿ. ಹಳೇ ಗಿರಣಿಯ ಫೋಲ್ಡರ್ ಕಾಪಿ ಮಾಡಿ ಹೆಸರು, ಲೋಗೋ ಬದಲಿಸಿದರೆ ಎರಡೇ ದಿನದಲ್ಲಿ ಹೊಸದು ತಯಾರು. ಗಿರಾಕಿಗೂ ಅಗ್ಗ.

2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿಗೆ 5% ಜಿಎಸ್‌ಟಿ ಬಂತು. ಒಬ್ಬ ಮಾಲೀಕರು ಬೆಳಿಗ್ಗೆಯೇ ಫೋನ್ ಮಾಡಿದರು: "26 ಕೆಜಿ ಚೀಲ ಮಾಡ್ತೀವ್ರೀ, ಅದಕ್ಕ ಟ್ಯಾಕ್ಸ್ ಬರಬಾರ್ದು ನೋಡ್ರಿ." ನನ್ನ ಕೋಡ್‌ನಲ್ಲಿ ಚೀಲದ ತೂಕಕ್ಕೂ ತೆರಿಗೆಗೂ ಸಂಬಂಧವೇ ಇರಲಿಲ್ಲ. ಅಷ್ಟರಲ್ಲಿ ನಾಲ್ಕು ಕಾಪಿಗಳೂ ಒಂದೊಂದು ಥರ ಬೆಳೆದಿದ್ದವು, ನಾಲ್ಕನ್ನೂ ಬೇರೆ ಬೇರೆಯಾಗಿ ತಿದ್ದಿದೆ. ಒಂದು ಕಡೆ '25ಕ್ಕಿಂತ ಕಡಿಮೆ' ಅಂತ ಬರೆದುಬಿಟ್ಟೆ, '25 ಅಥವಾ ಕಡಿಮೆ' ಆಗಬೇಕಿತ್ತು. ಸರಿಯಾಗಿ 25 ಕೆಜಿಯ ಚೀಲಗಳು ಮೂರು ದಿನ ತೆರಿಗೆ ಇಲ್ಲದೇ ಹೋದವು. ಆ ಬಿಲ್‌ಗಳನ್ನು ತಿದ್ದಲು ಅವರ ಗುಮಾಸ್ತರ ಪಕ್ಕ ಇಡೀ ದಿನ ಕೂತೆ.

ಆಮೇಲೆ ತೆರಿಗೆ, ರೌಂಡ್ ಆಫ್, ಬಿಲ್ ನಂಬರ್, ಈ ಮೂರನ್ನು ಹೊರತೆಗೆದು ಎಲ್ಲರಿಗೂ ಒಂದೇ ಮಾಡಿದೆ. ದರ, ಗಡಿ, ಜಾರಿ ದಿನಾಂಕ ಎಲ್ಲ ಕೋಡ್‌ನಿಂದ ಹೊರಗೆ ಒಂದು ಟೇಬಲ್‌ಗೆ (ಪಟ್ಟಿಗೆ) ಹೋದವು. ಖರ್ಚು ಜಾಸ್ತಿ ಆಯಿತು. ಮರುಬಳಕೆಗೆ ಆಗುವಂತೆ ಕೋಡ್ ಬರೆಯಲು ಮಾಮೂಲಿಯ ಸುಮಾರು ಒಂದೂವರೆ ಪಟ್ಟು ಖರ್ಚು, ಬಳಸುವಾಗ ಹೊಸದಾಗಿ ಬರೆಯುವುದರ ಐದನೇ ಒಂದು ಭಾಗ ಅಂತ ಸಾಫ್ಟ್‌ವೇರ್ ಮರುಬಳಕೆಯ ಬಗ್ಗೆ ಬರೆದ ಜೆಫ್ರಿ ಪೌಲಿನ್ ಅವರ ಲೆಕ್ಕ. ಆದರೆ ಆ ಹೋಲಿಕೆ ಹೊಸದಾಗಿ ಬರೆಯುವುದರ ಜೊತೆ. ಕಾಪಿ ಮಾಡುವವರಿಗೆ ಮೊದಲ ದಿನ ಅದಕ್ಕಿಂತಲೂ ಅಗ್ಗ ಅಲ್ವಾ? ಹಾಗಾಗಿ ನಿಜವಾದ ಲೆಕ್ಕ ಶುರುವಾಗುವುದು ತಿದ್ದುಪಡಿ ಬಂದ ದಿನ.

2025ರ ಸೆಪ್ಟೆಂಬರ್ 22ಕ್ಕೆ ಬಟ್ಟೆಯ 5% ಗಡಿ ಪೀಸ್‌ಗೆ 1000 ರೂಪಾಯಿಯಿಂದ 2500ಕ್ಕೆ ಏರಿತು, ಮೇಲಿನದಕ್ಕೆ 12% ಹೋಗಿ 18% ಬಂತು. ಹಿಂದಿನ ರಾತ್ರಿ ಟೇಬಲ್‌ಗೆ ಎರಡು ಸಾಲು ಸೇರಿಸಿದೆ. ಜೀನ್ಸ್ ಘಟಕದವರು ಫೋನೇ ಮಾಡಲಿಲ್ಲ.

ಒಂದೇ ಭಾಗಕ್ಕೂ ತನ್ನ ಖರ್ಚಿದೆ. ಅದರ ಕೋಡ್ ಮುಟ್ಟಿದರೆ ಆರೂ ಕಡೆ ಪರೀಕ್ಷಿಸಬೇಕು. ಹತ್ತಿ ಅಂಗಡಿಯ ಹಮಾಲಿ, ದಲಾಲಿ ಕಡಿತವನ್ನೂ ಅದರೊಳಗೆ ತುರುಕಿದ್ದೆ. ಬೇರೆ ಯಾರಿಗೂ ಅದು ಬೇಡ, ಸುಮ್ನೆ ಸೆಟ್ಟಿಂಗ್‌ಗಳು ಬೆಳೆದವು. ವಾಪಸ್ ಕಿತ್ತೆ.

ಈಗ ಸಿಂಧನೂರಿನ ಗಿರಣಿಯೊಂದು ಕೇಳಿದೆ. ತೆರಿಗೆ ಭಾಗ ಎಲ್ಲರದೇ ಕೊಡುತ್ತೇನೆ. ತೂಕದ ಚೀಟಿ ಮಾತ್ರ ಗಂಗಾವತಿಯದನ್ನು ಕಾಪಿ ಮಾಡಿ, ಅವರಿಗೆ ಬೇಕಾದ ಹಾಗೆ ತಿದ್ದಿಕೊಡುತ್ತೇನೆ.