ಗೀಸರ್ ಬದಲಾಯಿಸಿದ ಮೇಲೆ ಇಎಲ್‌ಸಿಬಿ ಬೀಳೋದು ತಾನಾಗಿ ನಿಂತರೆ ನಂಬಬೇಡಿ

ಬೆಂಗಳೂರಿಗೆ ಚಳಿ ಬಂತು ಅಂದರೆ ಹಳೆ ಗೀಸರ್‌ಗಳು ಒಂದೊಂದಾಗಿ ಕೈಕೊಡುತ್ತವೆ. ಅದನ್ನೇ ಕಾಯುತ್ತಾ ಕೂತಿರುವ ಮಂದಿಯೂ ಊರಲ್ಲಿದ್ದಾರೆ. ಅವರಲ್ಲೊಬ್ಬ ನಮ್ಮ ಮನೆಗೂ ಬಂದು ಹೋದ. ದುಡ್ಡು ಹೋಗಿದ್ದು ಹಾಳಾಗಲಿ, ನಮ್ಮತ್ತೆ ಬಚ್ಚಲಲ್ಲಿ ಕರೆಂಟ್ ಹೊಡೆಸಿಕೊಂಡೂ ಉಳಿದದ್ದು ದೊಡ್ಡ ಪುಣ್ಯ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಓದಿ. ಮನೆಯಲ್ಲಿ ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರಂತೂ ಪೂರ್ತಿ ಓದಿ.

ನಮ್ಮ ಮನೆ ನಾಗರಬಾವಿ ಕಡೆ. ಕಾವೇರಿ ನೀರು ಬರುತ್ತದೆ, ಆದರೆ ಸಾಲುವುದಿಲ್ಲ. ಸಂಪಿಗೆ ಬೋರ್ ನೀರು ಸೇರಿಸಲೇಬೇಕು. ಬೋರ್ ನೀರಿನ ಉಪ್ಪು ಗೀಸರ್‌ಗಳನ್ನು ಹೇಗೆ ತಿನ್ನುತ್ತದೆ ಅಂತ ಈ ಊರಿನವರಿಗೆ ಹೇಳಬೇಕಾಗಿಲ್ಲ. ನಮ್ಮ ಹದಿನೈದು ಲೀಟರಿನ ಹಳೇ ಗೀಸರ್ ತಳದಿಂದ ಕೆಂಪು ನೀರು ಸೋರಲು ಶುರುವಾಯಿತು. ಅದಕ್ಕೂ ವಯಸ್ಸಾಗಿತ್ತು ಬಿಡಿ. ನಮ್ಮ ಯಜಮಾನರು ಫೋನಿನಲ್ಲಿ ಕಂಪನಿ ಹೆಸರು ಹಾಕಿ ಕಸ್ಟಮರ್ ಕೇರ್ ಅಂತ ಹುಡುಕಿ, ಮೇಲೆ ಬಂದ ನಂಬರಿಗೆ ಫೋನ್ ಮಾಡಿದರು. ಎತ್ತಿದ ಹುಡುಗಿ ಕಂಪನಿ ಹೆಸರು ಹೇಳಿಯೇ ನಮಸ್ಕಾರ ಅಂದಳು. ಕಂಪ್ಲೇಂಟ್ ನಂಬರ್ ಅಂತ ಒಂದು ಎಸ್ಸೆಮ್ಮೆಸ್ಸೂ ಬಂತು.

ಸಂಜೆಯೊಳಗೆ ಒಬ್ಬ ಬಂದ. ಅಂಗಿ ಮೇಲೆ ಲೋಗೋ, ಕೊರಳಲ್ಲಿ ಐಡಿ ಕಾರ್ಡು. ಟ್ಯಾಂಕ್ ತೂತಾಗಿದೆ, ರಿಪೇರಿ ಆಗಲ್ಲ ಅಂದ. ಅದು ನಿಜವೇ. ಇಂಥವರ ಜಾಣತನ ಇರುವುದೇ ಇಲ್ಲಿ, ಮೊದಲು ಒಂದು ನಿಜ ಹೇಳಿಬಿಡುತ್ತಾರೆ. ಆಮೇಲೆ ಶುರು: "ಮೇಡಂ, ಹಳೇದು ಕೊಟ್ರೆ ಎಕ್ಸ್‌ಚೇಂಜ್ ಆಫರ್ ಇದೆ. ಗೋಡೌನಿಂದ ನೇರ ತರಿಸ್ತೀನಿ. ಶೋರೂಮಿಗಿಂತ ಎರಡು ಸಾವಿರ ಕಡಿಮೆ ಬೀಳುತ್ತೆ." ಬಿಲ್ಲು ಕೇಳಿದರೆ, "ವಾಟ್ಸಾಪಿಗೆ ಬರುತ್ತೆ ಮೇಡಂ, ಆಫೀಸಿಂದ ಕಳಿಸ್ತಾರೆ." ದುಡ್ಡು ಹೋಗಿದ್ದು ಯಾವುದೋ ವ್ಯಕ್ತಿಯ ಹೆಸರಿನ ಖಾತೆಗೆ. ಎರಡು ಕನೆಕ್ಷನ್ ಪೈಪಿಗೆ ಬೇರೆ ಸಾವಿರದ ನಾನೂರು ಹಾಕಿದ. ನಮ್ಮ ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಜೋಡಿ ನಾನೂರರ ಆಸುಪಾಸು.

ಇಷ್ಟೇ ಆಗಿದ್ದರೆ ಟೋಪಿ ಹಾಕಿಸಿಕೊಂಡೆವು ಅಂತ ಸುಮ್ಮನಾಗಬಹುದಿತ್ತು. ಮುಂದಿನದು ಬೇರೆ.

ಗೀಸರ್ ಗೋಡೆಗೆ ಏರಿಸಿ, ನೀರು ತುಂಬಿಸಿ, ಸ್ವಿಚ್ ಹಾಕಿದ. ಹಾಲ್‌ನಲ್ಲಿರುವ ಮೇನ್ ಬೋರ್ಡಿನಲ್ಲಿ ಇಎಲ್‌ಸಿಬಿ, ಅಂದರೆ ಕರೆಂಟು ಎಲ್ಲಾದರೂ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್ಚು, ಟಪ್ ಅಂತ ಬಿತ್ತು. ಮನೆಯೆಲ್ಲಾ ಕತ್ತಲೆ. ಎತ್ತಿದರೆ ಮತ್ತೆ ಬಿತ್ತು. "ನಿಮ್ಮ ಇಎಲ್‌ಸಿಬಿ ವೀಕ್ ಆಗಿದೆ ಮೇಡಂ, ಹೊಸ ಗೀಸರ್ ಲೋಡ್ ತಡೀತಿಲ್ಲ" ಅಂದ. ಹತ್ತು ನಿಮಿಷ ಒಳಗೆ ಏನೋ ಮಾಡಿದ. ಹೊರಗೆ ಬಂದು, "ಈಗ ನೋಡಿ" ಅಂದ. ಬೀಳಲಿಲ್ಲ. ನೀರು ಕಾಯಿತು. ಹಳೇ ಗೀಸರನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೊರಟೇಹೋದ.

ಅವನು ಹೇಳಿದ ಆ ಮಾತು ಶುದ್ಧ ಸುಳ್ಳು. ಇಎಲ್‌ಸಿಬಿಗೂ ಲೋಡಿಗೂ ಸಂಬಂಧವಿಲ್ಲ. ಲೋಡ್ ಜಾಸ್ತಿಯಾದರೆ ಬೀಳುವುದು ಎಂಸಿಬಿ ಅನ್ನುವ ಬೇರೆ ಸ್ವಿಚ್ಚು. ಎರಡು ಸಾವಿರ ವ್ಯಾಟಿನ ಗೀಸರ್ ಎಳೆಯುವುದು ಒಂಬತ್ತು ಆಂಪಿಯರಿಗೂ ಕಡಿಮೆ, ಹದಿನಾರು ಆಂಪಿಯರಿನ ಪಾಯಿಂಟಿಗೆ ಅದೇನೂ ಭಾರವಲ್ಲ. ಇಎಲ್‌ಸಿಬಿ ನೋಡುವುದು ಬೇರೆ ಲೆಕ್ಕ. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅನ್ನುವುದು ಅದಕ್ಕೆ ಬೇಕು. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವುದರ ಮೇಲೆ 30 ಎಂಎ (ಮಿಲಿಆಂಪಿಯರ್) ಅಂತ ಬರೆದಿರುತ್ತದೆ. ಅಷ್ಟು ಚಿಕ್ಕ ಸೋರಿಕೆ ಕಂಡರೂ ಅದು ಬೀಳಬೇಕು. ಅಂದರೆ ಅವತ್ತು ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. "ಈ ಗೀಸರಿನ ಮೈಗೆ ಕರೆಂಟ್ ಬರುತ್ತಿದೆ" ಅಂತ ಕೂಗಿ ಹೇಳಿತ್ತು. ಅವನು ಅದರ ಬಾಯಿ ಮುಚ್ಚಿಸಿ ಹೋಗಿದ್ದ.

ಹೇಗೆ ಮುಚ್ಚಿಸಿದ್ದ ಅಂತ ಗೊತ್ತಾಗಿದ್ದು ಕೆಲವು ವಾರ ಬಿಟ್ಟು. ಅತ್ತೆ ಬೆಳಿಗ್ಗೆ ಐದಕ್ಕೇ ಸ್ನಾನ ಮಾಡುವವರು. ಗೀಸರ್ ಉರಿಯುತ್ತಿರುವಾಗಲೇ ಬಿಸಿನೀರು ಬಿಟ್ಟುಕೊಳ್ಳುವುದು ಅವರ ಅಭ್ಯಾಸ. "ನಲ್ಲಿ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ ಕಣಮ್ಮಾ, ನರದ ತೊಂದರೆ ಇರಬೇಕು, ಡಾಕ್ಟರಿಗೆ ತೋರಿಸಬೇಕು" ಅಂದರು. ಮಾರನೆಯ ದಿನ ಬರೀ ನಲ್ಲಿಯಲ್ಲ, ಸುರಿಯುವ ನೀರಿಗೆ ಕೈ ಒಡ್ಡಿದರೂ ಚುರ್ ಅಂದಿತಂತೆ. ನರದ ತೊಂದರೆ ಬಿಸಿನೀರಿನ ನಲ್ಲಿ ಹತ್ತಿರ ಮಾತ್ರ ಬರುತ್ತದಾ? ನಾನು ಗೀಸರ್ ಆಫ್ ಮಾಡಿಸಿ, ನಮ್ಮ ಬೀದಿಯ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿದೆ.

ಅವರು ಮೊದಲು ಗೀಸರನ್ನು ಮುಟ್ಟಲೇ ಇಲ್ಲ. ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ ನನ್ನ ಕೈಗೆ ಕೊಟ್ಟರು. "ನೀವೇ ನೋಡಿ ಅಕ್ಕಾ." ಕೆಂಪು ವೈರು ಒಂದು ಕಾಲಿಗೆ, ಕಪ್ಪು ವೈರು ಇನ್ನೊಂದು ಕಾಲಿಗೆ. ಮೇಲಿನ ದಪ್ಪ ಉದ್ದ ಕಾಲು ಖಾಲಿ. ಹಸಿರು ವೈರನ್ನು, ಅಂದರೆ ಅರ್ಥ್ ವೈರನ್ನು, ನೀಟಾಗಿ ಕತ್ತರಿಸಿ, ಹಿಂದಕ್ಕೆ ಮಡಚಿ, ತುದಿಗೆ ಕರೀ ಟೇಪು ಸುತ್ತಿ ಒಳಗೆ ತುರುಕಿದ್ದ. ಟೇಪು ಸುತ್ತಿದ್ದು ನೋಡಿ ನನಗೆ ಮೈ ಉರಿದುಹೋಯಿತು. ಗೊತ್ತಿಲ್ಲದೆ ಬಿಟ್ಟವನು ಟೇಪು ಸುತ್ತುವುದಿಲ್ಲ, ಅಲ್ವಾ?

ಅರ್ಥಿಂಗ್ ಇದ್ದಾಗ ಗೀಸರಿನ ಮೈಗೆ ಬಂದ ಕರೆಂಟು ಹಸಿರು ವೈರಿನಲ್ಲಿ ಭೂಮಿಗೆ ಇಳಿಯುತ್ತದೆ, ಲೆಕ್ಕ ತಪ್ಪುತ್ತದೆ, ಇಎಲ್‌ಸಿಬಿ ಬೀಳುತ್ತದೆ. ಆ ವೈರು ಕತ್ತರಿಸಿದರೆ ಕರೆಂಟಿಗೆ ಹೋಗಲು ದಾರಿ ಇಲ್ಲ. ಗೀಸರಿನ ಮೈಮೇಲೇ ಕೂತು ಕಾಯುತ್ತದೆ. ಮೊದಲೆಲ್ಲ ಕಬ್ಬಿಣದ ಪೈಪುಗಳಿದ್ದವು, ಹೇಗೋ ಗೋಡೆಗೆ, ನೆಲಕ್ಕೆ ಇಳಿದುಹೋಗುತ್ತಿತ್ತು. ಈಗ ಗೋಡೆಯೊಳಗೆ ಪ್ಲಾಸ್ಟಿಕ್ ಪೈಪು. ಉಳಿದ ದಾರಿ ನೀರೊಂದೇ. ಉಪ್ಪಿನಂಶ ಜಾಸ್ತಿ ಇರುವ ಬೋರ್ ನೀರಿನಲ್ಲಿ ಕರೆಂಟು ಇನ್ನೂ ಸಲೀಸಾಗಿ ಹರಿಯುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವರ ಮೈಯೇ ಆಮೇಲೆ ಅದಕ್ಕೆ ಅರ್ಥ್ ವೈರು. ಜುಮ್ ಅನ್ನುವಷ್ಟು ಕರೆಂಟು 30 ಎಂಎಗಿಂತ ಎಷ್ಟೋ ಕಡಿಮೆ, ಹಾಗಾಗಿ ಇಎಲ್‌ಸಿಬಿ ಬೀಳುವುದೂ ಇಲ್ಲ. ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ತೋರಿಸಿದರು, ಗೀಸರಿನ ಮೈಗೂ ಅರ್ಥಿಗೂ ನಡುವೆ ನೂರಕ್ಕೂ ಮೇಲೆ ವೋಲ್ಟ್ ಇತ್ತು.

ಇಎಲ್‌ಸಿಬಿ ಮೇಲೆ ಟಿ ಅಂತ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಬೀಳುತ್ತದೆ, ಹಾಗಾಗಿ ಎಲ್ಲಾ ಸರಿ ಇದೆ ಅಂದುಕೊಳ್ಳುವವರು ತುಂಬಾ ಜನ. ಆ ಗುಂಡಿ ಪರೀಕ್ಷಿಸುವುದು ಇಎಲ್‌ಸಿಬಿಯನ್ನು ಮಾತ್ರ. ನಿಮ್ಮ ಅರ್ಥಿಂಗ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮ ಮನೆಯಲ್ಲಿ ಆ ಗುಂಡಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಹಸಿರು ವೈರು ಗೀಸರಿನ ಒಳಗೆ, ಪ್ಲಗ್ಗಿನ ಒಳಗೆ, ಸಾಕೆಟ್ಟಿನ ಹಿಂದೆ, ಬೋರ್ಡಿನಲ್ಲಿ ಎಲ್ಲೂ ತುಂಡಾಗಿಲ್ಲ ಅಂತ ಎಲೆಕ್ಟ್ರಿಷಿಯನ್ ಕೈಲಿ ಬಿಚ್ಚಿಸಿ ಕಣ್ಣಾರೆ ನೋಡಬೇಕು. ಇನ್ನೂ ಒಂದು ಕಳ್ಳದಾರಿ ಇದೆಯಂತೆ. ಅರ್ಥ್ ವೈರೇ ಇಲ್ಲದ ಹಳೇ ಮನೆಗಳಲ್ಲಿ ಸಾಕೆಟ್ಟಿನ ಹಿಂದೆ ನ್ಯೂಟ್ರಲ್‌ನಿಂದ ಅರ್ಥಿಗೆ ಒಂದು ತುಂಡು ವೈರು ಕಟ್ಟಿಬಿಡುತ್ತಾರೆ. ಟೆಸ್ಟ್ ಲ್ಯಾಂಪ್ ಹಿಡಿದರೆ ಉರಿಯುತ್ತದೆ, ಅರ್ಥಿಂಗ್ ಇದೆ ಅನ್ನಿಸುತ್ತದೆ. ಎಲ್ಲೋ ನ್ಯೂಟ್ರಲ್ ಕಿತ್ತುಕೊಂಡ ದಿನ ಗೀಸರಿನ ಮೈಯೆಲ್ಲಾ ಫೇಸ್.

ಆಮೇಲೆ ಗೀಸರನ್ನು ಇಳಿಸಿ, ನೀರು ಕಾಯಿಸುವ ಕಾಯಿಲ್ ಬಿಚ್ಚಿದರು. ಅಲ್ಲಿ ಉಳಿದ ಕಥೆ ಸಿಕ್ಕಿತು. ಹೊಸದು ಅಂತ ಕೊಟ್ಟ ಗೀಸರಿನ ಕಾಯಿಲ್ ಮೇಲೆ ಬಿಳೀ ಸುಣ್ಣ ದಪ್ಪಗೆ ಕಟ್ಟಿತ್ತು. ಕೆರೆದರೆ ಚಕ್ಕೆ ಚಕ್ಕೆಯಾಗಿ ಉದುರಿತು. ಎಷ್ಟೇ ಉಪ್ಪು ನೀರಾದರೂ ಕೆಲವೇ ವಾರಗಳಲ್ಲಿ ಅಷ್ಟು ಕಟ್ಟುವುದಿಲ್ಲ. ಕೆಳಗೆ ತಾಮ್ರದ ಕವಚ ಒಂದು ಕಡೆ ಬಿರುಕು ಬಿಟ್ಟಿತ್ತು. ಕಾಯಿಲ್ ಒಳಗಿನ ತಂತಿಗೂ ಕವಚಕ್ಕೂ ನಡುವೆ ಒಂದು ಬಿಳಿ ಪುಡಿ ತುಂಬಿರುತ್ತದೆ. ಬಿರುಕಿನಿಂದ ಅದಕ್ಕೆ ನೀರು ಸೇರಿದರೆ ಕರೆಂಟು ಹೊರಗೆ ಸೋರುತ್ತದೆ. ಪಕ್ಕದಲ್ಲೇ ಇರಬೇಕಾದ ಮೆಗ್ನೀಸಿಯಂ ರಾಡ್ ಪೂರ್ತಿ ಸವೆದು ನಡುವಿನ ಕಂಬಿ ಮಾತ್ರ ಉಳಿದಿತ್ತು. ಟ್ಯಾಂಕಿಗೆ ಬರುವ ತುಕ್ಕನ್ನು ತಾನು ತಿಂದುಕೊಂಡು ಟ್ಯಾಂಕನ್ನು ಉಳಿಸುವ ರಾಡ್ ಅದು. ಅಷ್ಟು ಸವೆಯಲು ವರ್ಷಗಳೇ ಬೇಕು. ಯಾರದೋ ಮನೆಯ ಹಳೇ ಗೀಸರಿಗೆ ಹೊಸ ಅಂಗಿ ಹಾಕಿ ನಮಗೆ ಕೊಟ್ಟಿದ್ದ. ನಮ್ಮ ಹಳೇದು ಈಗ ಯಾರ ಮನೆಯಲ್ಲಿ ಹೊಸದಾಗಿ ಗೋಡೆ ಏರಿದೆಯೋ.

ಇನ್ನೊಂದನ್ನೂ ಅವರು ತೋರಿಸಿದರು. ತಣ್ಣೀರು ಒಳಗೆ ಹೋಗುವ ಬಾಯಿಗೆ ಸೇಫ್ಟಿ ವಾಲ್ವ್ ಇರಬೇಕಿತ್ತು. ಅಲ್ಲಿ ಬರೀ ಒಂದು ಹಿತ್ತಾಳೆ ನಿಪ್ಪಲ್ ಇತ್ತು. ಹದಿನೈದು ಲೀಟರ್ ನೀರು 25 ಡಿಗ್ರಿಯಿಂದ 75 ಡಿಗ್ರಿಗೆ ಕಾದರೆ ಸುಮಾರು ಮೂರನೇ ಒಂದು ಲೀಟರಿನಷ್ಟು ಹಿಗ್ಗುತ್ತದೆ. ಪ್ರೆಷರ್ ಪಂಪ್ ಇರುವ ಮನೆಗಳಲ್ಲಿ ಆ ನೀರು ಹಿಂದಕ್ಕೆ ಹೋಗಲು ಆಗದೆ ಟ್ಯಾಂಕಿನ ಒಳಗೇ ಒತ್ತಡ ಏರುತ್ತದೆ. ನೀರು ಅತಿಯಾಗಿ ಕಾಯದಂತೆ ಕರೆಂಟು ಕಡಿಯುವ ಥರ್ಮೋಸ್ಟಾಟ್ ಮತ್ತು ಕಟ್‌ಔಟ್ ಎರಡೂ ಕೈಕೊಟ್ಟ ದಿನ ಟ್ಯಾಂಕ್ ಒಡೆಯದಂತೆ ಉಳಿಸುವುದು ಈ ವಾಲ್ವೇ. ಓವರ್‌ಹೆಡ್ ಟ್ಯಾಂಕ್ ಖಾಲಿಯಾದಾಗ ಗೀಸರಿನ ನೀರು ವಾಪಸ್ ಇಳಿದು ಕಾಯಿಲ್ ಬರಿದಾಗಿ ಸುಡದಂತೆ ತಡೆಯುವುದೂ ಅದೇ. 2024ರ ಬೇಸಿಗೆಯ ನೀರಿನ ಬರ ನೋಡಿದವರಿಗೆ ಟ್ಯಾಂಕ್ ಖಾಲಿಯಾಗುವುದೇನೂ ಹೊಸದಲ್ಲ. ನೀರು ಕಾಯುವಾಗ ಈ ವಾಲ್ವಿನಿಂದ ಒಂದೊಂದು ಹನಿ ತೊಟ್ಟಿಕ್ಕುವುದು ಸಹಜ. ಸೋರುತ್ತಿದೆ ಅಂತ ನಾವು ಫೋನ್ ಮಾಡುತ್ತೇವೆ, ಆ ತಲೆನೋವೇ ಬೇಡ ಅಂತ ಎಷ್ಟೋ ಜನ ಅದನ್ನು ಹಾಕುವುದೇ ಇಲ್ಲ, ಇಲ್ಲದಿದ್ದರೆ ಅದರ ಬಾಯಿಗೆ ಡಮ್ಮಿ ಬಡಿಯುತ್ತಾರೆ.

ಹಳೇ ಗೀಸರಿನ ವಾರಂಟಿ ಕಾರ್ಡ್ ಹುಡುಕಿ, ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆವು. ಅಲ್ಲಿಯವರು ಅವನು ಹೊಸದು ಅಂತ ಕೊಟ್ಟ ಗೀಸರಿನ ಸೀರಿಯಲ್ ನಂಬರ್ ಕೇಳಿ, ಅದು ವರ್ಷಗಳ ಹಿಂದೆಯೇ ಮಾರಾಟವಾದದ್ದು ಅಂದರು. ನಮ್ಮ ಕಂಪ್ಲೇಂಟ್ ಅವರ ದಾಖಲೆಯಲ್ಲೇ ಇರಲಿಲ್ಲ. ಡಬ್ಬದ ಮೇಲಿನ ನಂಬರಿಗೂ ಗೀಸರ್ ಮೇಲಿನ ಸ್ಟಿಕರಿಗೂ ಹೊಂದಿಕೆಯೇ ಇಲ್ಲ. ಇದನ್ನಂತೂ ಯಾರು ಬೇಕಾದರೂ ನೋಡಬಹುದು, ದುಡ್ಡು ಕೊಡುವ ಮೊದಲೇ.

ದೂರು ಕೊಡೋಣ ಅಂದರೆ ಯಾರ ಮೇಲೆ? ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಆದರೆ ಎದುರು ಪಾರ್ಟಿಗೆ ಹೆಸರು, ವಿಳಾಸ ಬೇಕಲ್ಲ. ವಾಟ್ಸಾಪಿಗೆ ಬರಬೇಕಿದ್ದ ಬಿಲ್ಲು ಬರಲೇ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ, ದುಡ್ಡಿನ ವಂಚನೆಗೆ 1930ಕ್ಕೆ ಹೇಳಿದ್ದೇವೆ. 1930ಕ್ಕೆ ದುಡ್ಡು ಹೋದ ಕೂಡಲೇ ಹೇಳಿದರೆ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ನಮಗೆ ಮೋಸ ಅಂತ ಗೊತ್ತಾಗುವ ಹೊತ್ತಿಗೆ ವಾರಗಳೇ ಕಳೆದಿದ್ದವು.

ಈ ಸಲ ಅಂಗಡಿಯಲ್ಲೇ ತೆಗೆದುಕೊಂಡೆವು, ಜಿಎಸ್‌ಟಿ ಬಿಲ್ ಹಾಕಿಸಿ. ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಆ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ಕಂಪನಿಯದು, ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತದೆ. ಅಂಗಡಿಯಲ್ಲಿ ನಿಂತೇ ನೋಡಿದೆ, ಅಂಗಡಿಯವರು ಬೇಸರ ಮಾಡಿಕೊಳ್ಳಲಿಲ್ಲ. ಪ್ರೆಷರ್ ಪಂಪ್ ಇರುವುದರಿಂದ 8 ಬಾರ್ ಒತ್ತಡ ತಡೆಯುವಂಥದ್ದನ್ನೇ ಕೇಳಿ ತೆಗೆದುಕೊಂಡೆವು. ಕಂಪನಿಯವರು ಹಾಕುವಾಗ ನಮ್ಮ ಎಲೆಕ್ಟ್ರಿಷಿಯನ್ ಪಕ್ಕದಲ್ಲೇ ನಿಂತಿದ್ದರು. ಅವರಿಗೆ ಕೊಟ್ಟ ಐನೂರು ರೂಪಾಯಿ ಈ ಇಡೀ ವ್ಯವಹಾರದಲ್ಲಿ ನಾನು ಖುಷಿಯಿಂದ ಕೊಟ್ಟ ಒಂದೇ ದುಡ್ಡು.

ಕರೆಂಟಿನ ಗೋಜೇ ಬೇಡ, ಗ್ಯಾಸ್ ಗೀಸರ್ ಹಾಕಿಸಿ ಅಂತ ಪಕ್ಕದ ಮನೆಯವರು ಸಲಹೆ ಕೊಟ್ಟರು. ಬಚ್ಚಲೊಳಗೆ ಮಾತ್ರ ಬೇಡವೇ ಬೇಡ. ಕಿಟಕಿ ಮುಚ್ಚಿದ ಪುಟ್ಟ ಜಾಗದಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷದ ಗಾಳಿ ತುಂಬುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಇದೇ ಊರಲ್ಲಿ ಸ್ನಾನಕ್ಕೆ ಹೋದವರು ಹಾಗೇ ಪ್ರಾಣ ಬಿಟ್ಟಿದ್ದಾರೆ.

ಆ ನಂಬರ್ ಈಗ ಸ್ವಿಚ್ ಆಫ್. ಬೇರೆ ನಂಬರಿನಲ್ಲಿ ಅದೇ ಅಂಗಿ ಹಾಕಿಕೊಂಡು ಓಡಾಡುತ್ತಿರಬಹುದು. ಈಚೆಗೆ ಯಾರಾದರೂ ಫೋನಿನಲ್ಲಿ ಹುಡುಕಿದ ನಂಬರಿನಿಂದ ಕರೆಸಿ ಗೀಸರ್ ಹಾಕಿಸಿದ್ದರೆ, ಹಾಕುವಾಗ ಇಎಲ್‌ಸಿಬಿ ಒಮ್ಮೆ ಬಿದ್ದು ಆಮೇಲೆ ಸರಿಹೋಗಿದ್ದರೆ, ನಾಳೆ ಬೆಳಿಗ್ಗೆ ಸ್ವಿಚ್ ಹಾಕಬೇಡಿ. ಪ್ಲಗ್ ಕಿತ್ತಿಟ್ಟು ನಂಬಿಕೆಯ ಎಲೆಕ್ಟ್ರಿಷಿಯನ್ನನ್ನು ಕರೆಸಿ ಬಿಚ್ಚಿಸಿ ನೋಡಿ.