ಅಣ್ಣನ 39 ದಿನ, ನನ್ನ 5 ದಿನ

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ನಮ್ಮ ಮನೆಯಲ್ಲಿ ಇಬ್ಬರಿಗೆ ಬಂತು: 2019ರಲ್ಲಿ ಅಣ್ಣನಿಗೆ, 2024ರ ಕೊನೆಗೆ ನನಗೆ. ಒಡಹುಟ್ಟಿದವರಲ್ಲಿ ಒಬ್ಬರಿಗೆ ಈ ರೋಗವಿದ್ದರೆ ಇನ್ನೊಬ್ಬರಿಗೂ ಬರುವ ಸಂಭವ ಹೆಚ್ಚೆಂದು ಅಣ್ಣನ ವೈದ್ಯರು ಎಚ್ಚರಿಸಿದ್ದರಿಂದಲೇ ನಾನು ವರ್ಷಕ್ಕೊಮ್ಮೆ ಪಿಎಸ್‌ಎ ಪರೀಕ್ಷೆ (ಈ ಗ್ರಂಥಿಯಿಂದ ರಕ್ತಕ್ಕೆ ಸೇರುವ ಒಂದು ಪ್ರೋಟೀನಿನ ಅಳತೆ) ಮಾಡಿಸುತ್ತಿದ್ದೆ. ಇಬ್ಬರದೂ ಗ್ರಂಥಿಯ ಗಡಿ ದಾಟದ, ಉಗ್ರತೆಯನ್ನು ಅಳೆಯುವ ಗ್ಲೀಸನ್ ಲೆಕ್ಕದಲ್ಲಿ 3+4ರ, ಅಂದರೆ ಮಧ್ಯಮ ಮಟ್ಟದ ಗಡ್ಡೆ. ಇಬ್ಬರೂ ಶಸ್ತ್ರಚಿಕಿತ್ಸೆಯನ್ನು ಬಿಟ್ಟು, ನಮ್ಮ ಕಡೆ ‘ಕರೆಂಟ್ ಕೊಡಿಸುವುದು’ ಎನ್ನುವ ವಿಕಿರಣ ಚಿಕಿತ್ಸೆಯನ್ನೇ ಆರಿಸಿಕೊಂಡೆವು. ಅಣ್ಣ ದಿನಕ್ಕೆ 2 ಗ್ರೇಯಂತೆ (ಗ್ರೇ ಎಂದರೆ ವಿಕಿರಣ ಪ್ರಮಾಣದ ಅಳತೆ) 39 ದಿನ, ಒಟ್ಟು 78 ಗ್ರೇ ತೆಗೆದುಕೊಂಡ. ನಾನು ಎಸ್‌ಬಿಆರ್‌ಟಿ ಎಂಬ, ನಿಖರವಾಗಿ ಗುರಿಯಿಟ್ಟು ಕೆಲವೇ ಸಲ ದೊಡ್ಡ ಪ್ರಮಾಣ ಕೊಡುವ ವಿಧಾನದಲ್ಲಿ ಸಲಕ್ಕೆ 7.25 ಗ್ರೇಯಂತೆ ಐದೇ ಸಲ, ಒಟ್ಟು 36.25 ಗ್ರೇ ತೆಗೆದುಕೊಂಡೆ.

ಅರ್ಧಕ್ಕಿಂತ ಕಡಿಮೆ ಮೊತ್ತ ಸಾಕಾದೀತೇ ಎಂದು ನಾನು ಅಂಜಿದ್ದು ನಿಜ. ಆದರೆ ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶಗಳು ಸಣ್ಣ ಸಣ್ಣ ಪೆಟ್ಟುಗಳ ನಡುವೆ ತಮ್ಮನ್ನು ಚೆನ್ನಾಗಿ ದುರಸ್ತಿ ಮಾಡಿಕೊಳ್ಳುತ್ತವೆ. ಒಮ್ಮೆಗೇ ದೊಡ್ಡ ಪೆಟ್ಟು ಬಿದ್ದರೆ ಅದು ಅವುಗಳಿಗೆ ಸಾಧ್ಯವಾಗುವುದಿಲ್ಲ. 874 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪೇಸ್-ಬಿ ಅಧ್ಯಯನದಲ್ಲಿ ಐದು ವರ್ಷದ ನಂತರ ರೋಗ ಮರುಕಳಿಸದೆ ಇದ್ದವರು ಐದು ಸಲದ ಗುಂಪಿನಲ್ಲಿ ಶೇ. 95.8, ದೀರ್ಘ ಚಿಕಿತ್ಸೆಯ ಗುಂಪಿನಲ್ಲಿ ಶೇ. 94.6. ರೋಗವನ್ನು ಹಿಡಿದಿಡುವ ವಿಷಯದಲ್ಲಿ ಎರಡೂ ಸಮವೆಂದು ಒಪ್ಪಿದ ಮೇಲೆ ನನಗೆ ಉಳಿದದ್ದು ದೇಹದ ಮತ್ತು ದಾರಿಯ ಲೆಕ್ಕ.

ದಾರಿಯ ಲೆಕ್ಕ ಅಣ್ಣನಿಗೆ ಬಹಳ ಭಾರವಾಯಿತು. ಗದಗದಿಂದ ಹುಬ್ಬಳ್ಳಿಗೆ ಸುಮಾರು 58 ಕಿ.ಮೀ.; ವಾರಕ್ಕೆ ಐದು ದಿನದಂತೆ ಎಂಟು ವಾರ ಬಸ್ಸಿನಲ್ಲಿ ಹೋಗಿಬಂದದ್ದು ಒಟ್ಟು ನಾಲ್ಕೂವರೆ ಸಾವಿರ ಕಿ.ಮೀ. ಆಯಿತು. ಚಿಕಿತ್ಸೆಗೆ ಮೂತ್ರಕೋಶ ತುಂಬಿರಬೇಕು, ಗುದನಾಳ ಖಾಲಿಯಿರಬೇಕು. ನಾಲ್ಕನೆಯ ವಾರದಿಂದ ಅಣ್ಣನಿಗೆ ಮೂತ್ರ ತಡೆಯಲಾಗದೆ, ಮರಳಿ ಬರುವಾಗ ಅಣ್ಣಿಗೇರಿ ಮುಟ್ಟುವ ಮೊದಲೇ ಕಂಡಕ್ಟರನಿಗೆ ಕೈಮುಗಿದು ಬಸ್ ನಿಲ್ಲಿಸುವಂತಾಯಿತು. ಜೊತೆಗಿದ್ದ ನನಗೆ ಅವನ ಆ ಮುಖ ಇಂದಿಗೂ ಮರೆತಿಲ್ಲ. ನಾನು ಬೆಂಗಳೂರಿನ ಮಗಳ ಮನೆಯಲ್ಲಿ ಉಳಿದು, ದಿನ ಬಿಟ್ಟು ದಿನ ಹೋಗಿ, ಎರಡು ವಾರದೊಳಗೆ ಊರಿಗೆ ಮರಳಿದೆ. ಅಲ್ಲಿ ಮನೆಯಿಲ್ಲದವರಿಗೆ ಬಾಡಿಗೆ, ಊಟದ ಖರ್ಚು ಸೇರಿ ಈ ಅನುಕೂಲ ಬಹಳಷ್ಟು ಕರಗಿಹೋಗುತ್ತದೆ.

ಸಿದ್ಧತೆ ಮಾತ್ರ ನನ್ನದೇ ಬಿಗಿ. ಪ್ರತಿ ಸಲವೂ ಒಟ್ಟು ಪ್ರಮಾಣದ ಐದನೆಯ ಒಂದು ಭಾಗ ಬೀಳುವುದರಿಂದ ಗುರಿ ಕೆಲವೇ ಮಿಲಿಮೀಟರ್ ತಪ್ಪಿದರೂ ಹಾನಿ ದೊಡ್ಡದು. ಹಾಗಾಗಿ ಮೊದಲೇ ಗ್ರಂಥಿಯೊಳಗೆ ಕಾಳಿನಷ್ಟು ಚಿಕ್ಕ ಮೂರು ಬಂಗಾರದ ಗುರುತುಗಳನ್ನು ಸೂಜಿಯಿಂದ ಸೇರಿಸಿದರು. ಪ್ರತಿ ಸಲ ಸ್ಕ್ಯಾನಿನಲ್ಲಿ ಅವನ್ನು ಹೊಂದಿಸಿಕೊಂಡೇ ಕಿರಣ ಬಿಟ್ಟರು. ಹೊಟ್ಟೆಯ ಗಾಳಿ ಗ್ರಂಥಿಯನ್ನು ಸರಿಸುತ್ತದೆಯಾದ್ದರಿಂದ ಮಡಕಿಕಾಳಿನ ಪಲ್ಯವನ್ನೂ ಹಸಿ ಉಳ್ಳಾಗಡ್ಡಿಯನ್ನೂ ಬಿಡಬೇಕಾಯಿತು. ಜೋಳದ ರೊಟ್ಟಿಯ ಜೊತೆ ಇವೆರಡೂ ಇಲ್ಲದ ಊಟ ನಮ್ಮವರಿಗೆ ಕಷ್ಟವೇ ಸರಿ.

ಅಡ್ಡಪರಿಣಾಮದ ಮಾತನ್ನು ಮುಚ್ಚಿಡಬಾರದು. ಅಣ್ಣನ ತೊಂದರೆ ನಿಧಾನವಾಗಿ ಏರಿ ನಿಧಾನವಾಗಿ ಇಳಿಯಿತು. ನನಗೆ ಮೂರನೆಯ ಸಲದ ನಂತರ ಒಮ್ಮೆಲೇ ಉರಿ ಹೆಚ್ಚಾಗಿ, ರಾತ್ರಿ ಐದಾರು ಸಲ ಏಳುವಂತಾಯಿತು. ಆರು ವಾರ ಮಾತ್ರೆ ನುಂಗಿದ ಮೇಲೆ ತಗ್ಗಿತು. ಮೇಲೆ ಹೇಳಿದ ಅಧ್ಯಯನದಲ್ಲಿಯೂ ಐದು ವರ್ಷಗಳ ಅವಧಿಯಲ್ಲಿ ಔಷಧ ಬೇಕಾಗುವಷ್ಟು ಮೂತ್ರದ ತೊಂದರೆ ಕಂಡವರು ಐದು ಸಲದ ಗುಂಪಿನಲ್ಲಿ ಶೇ. 26.9, ದೀರ್ಘ ಗುಂಪಿನಲ್ಲಿ ಶೇ. 18.3. ಆದ್ದರಿಂದ ಮೊದಲೇ ಗ್ರಂಥಿ ದೊಡ್ಡದಾಗಿ ಮೂತ್ರ ತಿಣುಕಿ ಬರುತ್ತಿದ್ದ ಅಣ್ಣನಂಥವರಿಗೆ ನಾನು ಐದು ಸಲದ ದಾರಿಯನ್ನು ಹೇಳಲಾರೆ. 20 ದಿನಗಳಲ್ಲಿ 60 ಗ್ರೇ ಕೊಡುವ ಪದ್ಧತಿ ಈಗ ಚೆನ್ನಾಗಿ ನೆಲೆಯೂರಿರುವುದರಿಂದ, ಅಂಥವರು 39 ದಿನ ಅಲೆಯುವ ಅಗತ್ಯವೂ ಇಲ್ಲ. ನನ್ನಂತೆ ಮೂತ್ರ ಸರಾಗವಾಗಿದ್ದು ದೂರದ ಊರಿನಲ್ಲಿರುವವರಿಗೆ ಐದು ಸಲವೇ ಮೇಲು.

ಅಣ್ಣನ ಪಿಎಸ್‌ಎ ಈಗ 0.3. ನನ್ನದು 6.9ರಿಂದ ಒಂದು ವರ್ಷದಲ್ಲಿ 1.1ಕ್ಕೆ ಇಳಿದಿದೆ, ವಿಕಿರಣದ ನಂತರ ಅದು ತಳಮುಟ್ಟಲು ಎರಡು ಮೂರು ವರ್ಷ ಹಿಡಿಯುವುದರಿಂದ ಆರು ತಿಂಗಳಿಗೊಮ್ಮೆ ಇಬ್ಬರೂ ಒಟ್ಟಿಗೇ ಹೋಗಿ ರಕ್ತ ಕೊಟ್ಟುಬರುತ್ತೇವೆ.