ದಿ ರೇಡ್: ಒಂದಾ, ಎರಡಾ?

ಇಂಡೋನೇಷ್ಯಾದ ಆ್ಯಕ್ಷನ್ ಸಿನಿಮಾ ‘ದಿ ರೇಡ್’ ಬಂದಿದ್ದು 2011ರಲ್ಲಿ, ‘ದಿ ರೇಡ್ 2’ 2014ರಲ್ಲಿ. ಎರಡಕ್ಕೂ ಗ್ಯಾರೆತ್ ಇವಾನ್ಸ್ ನಿರ್ದೇಶಕ, ಇಕೊ ಉವೈಸ್ ನಾಯಕ. ಹೊಡೆದಾಟ ಅಲ್ಲಿನದೇ ಆದ ಸಮರಕಲೆ ಪೆಂಚಾಕ್ ಸಿಲಾಟ್. ಮಡಿಕೇರಿ ಮಳೆಯಲ್ಲಿ ಆಚೆ ಹೋಗೋಕೆ ಆಗದೆ ಎರಡನ್ನೂ ಒಂದರ ಹಿಂದೊಂದು ನೋಡಿದೆ. ನನ್ನ ಓಟು ಮೊದಲನೆಯದಕ್ಕೆ.

ಅದರ ಕಥೆ ಇಷ್ಟೇ: ಡಾನ್ ಒಬ್ಬನ ಕಟ್ಟಡಕ್ಕೆ ಪೊಲೀಸರು ನುಗ್ಗಿ ಒಳಗೇ ಸಿಕ್ಕಿಹಾಕಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಆ ಮೆಟ್ಟಿಲು, ಕಾರಿಡಾರು ನಮಗೂ ಪರಿಚಯ ಆಗುತ್ತವೆ. ಯಾವ ಬಾಗಿಲಿಂದ ಯಾರು ಬರುತ್ತಾರೋ ಅಂತ ನಾವೂ ಕಾಯುತ್ತಾ ಕೂರುತ್ತೇವೆ. ನಾಯಕ ರಾಮ ಗೋಡೆ ಹಿಂದೆ ಅಡಗಿದ್ದಾನೆ. ಅನುಮಾನ ಬಂದವನೊಬ್ಬ ಗೋಡೆಗೆ ಮಚ್ಚು ಚುಚ್ಚುತ್ತಾನೆ. ರಾಮನ ಕೆನ್ನೆ ಸೀಳುತ್ತದೆ. ಮಚ್ಚು ವಾಪಸ್ ಹೋಗುವಾಗ ಅದಕ್ಕೆ ಅಂಟಿದ ರಕ್ತವನ್ನು ಅವನು ಸದ್ದಿಲ್ಲದೆ ಒರೆಸಿಬಿಡುತ್ತಾನೆ! ಒಂದು ಏಟೂ ಇಲ್ಲದ ಈ ಜಾಗದಲ್ಲೇ ನನಗೆ ಉಸಿರು ಕಟ್ಟಿದ್ದು.

ಎರಡನೆಯದು ಎರಡೂವರೆ ಗಂಟೆ. ಜೈಲು, ಗ್ಯಾಂಗುಗಳು, ಅಪ್ಪ-ಮಗನ ಜಗಳ. ಈ ಗ್ಯಾಂಗ್ ಕಥೆಯನ್ನು ಇವಾನ್ಸ್ ಮೊದಲೇ ಬರೆದಿದ್ದರು. ದುಡ್ಡು ಸಿಗದೆ ಕಮ್ಮಿ ಖರ್ಚಿನ ‘ದಿ ರೇಡ್’ ಮಾಡಿದರು, ಆಮೇಲೆ ಹಳೇ ಕಥೆಗೆ ರಾಮನನ್ನು ತಂದು ಸೇರಿಸಿದರು. ನೋಡುವಾಗ ಅದು ಗೊತ್ತಾಗುತ್ತದೆ. ಕಥೆ ನಡೆಸುವವನು ಇನ್ನೊಬ್ಬ ಡಾನ್‌ನ ಮಗ ಉಚೊ. ರಾಮ ಎಷ್ಟೋ ಹೊತ್ತು ಸುಮ್ನೆ ಪಕ್ಕದಲ್ಲಿ ನಿಂತಿರುತ್ತಾನೆ. ಮೊದಲ ಸಿನಿಮಾದಲ್ಲಿ ಸತ್ತ ಡಾನ್‌ನ ಬಂಟ ಮ್ಯಾಡ್ ಡಾಗ್ ಪಾತ್ರದ ಯಾಯನ್ ರುಹಿಯಾನ್, ಇಲ್ಲಿ ಬೇರೆ ಪಾತ್ರವಾಗಿ ಬರುತ್ತಾರೆ. ಎಷ್ಟು ಒಳ್ಳೆಯ ನಟ ಆದರೂ ನನ್ನ ಮನಸ್ಸು ಒಪ್ಪಲಿಲ್ಲ.

ಆದರೆ ಕೊನೆಗೆ ಬರುವ ಅಡುಗೆಮನೆ ಫೈಟ್ ಇದೆಯಲ್ಲ, ಅದಕ್ಕೆ ಸಾಟಿ ಮೊದಲನೆಯದರಲ್ಲಿ ಇಲ್ಲ. ರಾಮನ ಎದುರಾಳಿಯಾಗಿ ನಟ ಚೆಚೆಪ್ ಆರಿಫ್ ರಹಮಾನ್. ಮೊದಲು ಬರಿಗೈ. ಆಮೇಲೆ ಅವನ ಎರಡೂ ಕೈಯಲ್ಲಿ ಕೆರಂಬಿಟ್, ಅಂದರೆ ಉಗುರಿನ ಹಾಗೆ ಬಾಗಿದ ಚಿಕ್ಕ ಕತ್ತಿ. ಅದರಲ್ಲಿ ಒಂದನ್ನು ರಾಮ ಕಿತ್ತುಕೊಂಡ ಮೇಲೆ ಲೆಕ್ಕವೇ ಬದಲಾಗುತ್ತದೆ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಪರೆಯಕಳಿಯಲ್ಲಿ, ಅಂದರೆ ಬೆತ್ತ ಹಿಡಿದು ಆಡುವ ಕಾಳಗದಲ್ಲಿ, ಮಂಡಿ ಕೆಳಗೇ ಹೊಡೆಯಬೇಕು, ಹಾಗಾಗಿ ನೋಡುವವರ ಕಣ್ಣೆಲ್ಲ ಕಾಲಿನ ಮೇಲೆ. ಅದೇ ಅಭ್ಯಾಸಕ್ಕೆ ಇಲ್ಲೂ ಕಾಲನ್ನೇ ಗಮನಿಸಿದೆ. ಇಬ್ಬರೂ ಎಷ್ಟು ತಗ್ಗಿ, ಎಷ್ಟು ಹತ್ತಿರ ನಿಂತು ಆಡುತ್ತಾರೆ ಗೊತ್ತಾ? ಇದೊಂದನ್ನೇ ಮತ್ತೆ ಮತ್ತೆ ಹಾಕಿ ನೋಡಿದೆ.

ಒಂದೇ ಸಂಜೆ ಇದ್ದರೆ ಮೊದಲನೆಯದನ್ನು ನೋಡಿ. ಎರಡರಲ್ಲೂ ರಕ್ತ ಜಾಸ್ತಿ, ಮಕ್ಕಳು ಮಲಗಿದ ಮೇಲೆ ಹಾಕಿ.